ಗೈಸರುಗಳು ಚಿಮ್ಮುವ ಬಗೆ

ಐಸ್‌ಲೆಂಡಿನ ನೈಋತ್ಯಭಾಗದಲ್ಲಿ ‘ಗೆಯ್ಸಿರ್’ ಎಂಬ ಬೆನ್ನೀರ ಬುಗ್ಗೆಯೊಂದುಂಟು. ಉಕ್ಕಿ ನುಗ್ಗು ಎಂಬರ್ಥದ ಅಲ್ಲಿಯ ಧಾತುವೊಂದರಿಂದ ಹುಟ್ಟಿದ ಈ ಅಂಕಿತನಾಮವು ಕಾಲಾಂತರದಲ್ಲಿ ರೂಢನಾಮವಾಗಿ, ಬಿಟ್ಟುಬಿಟ್ಟು ಚಿಮ್ಮುವ ಬಿಸಿನೀರ ಬುಗ್ಗೆಗಳಿಗೆಲ್ಲ ‘ಗೈಸರ್’ ಎಂದು ಸಂದಿದೆ. ನಮ್ಮ ಬಚ್ಚಲುಮನೆಗಳ ಯಂತ್ರಕ್ಕೂ ಅದೇ ಹೆಸರು; ಚಿಮ್ಮದಿರುವುದೇ ಆ ಯಂತ್ರದ ಗುಣವೆಂಬುದು ಬೇರೆ ಮಾತು.

ಬಿಸಿನೀರ ಬುಗ್ಗೆಗಳು ಲೋಕದಲ್ಲಿ ಹೇರಳವಾಗಿವೆ. ಗೈಸರುಗಳಾದರೋ ಸುಮಾರು ೧,೦೦೦ ಮಾತ್ರ, ಅವುಗಳಲ್ಲಿ ಅರ್ಧದಷ್ಟು ಅಮೆರಿಕದ ಯೆಲ್ಲೊಸ್ಟೋನ್ ಪ್ರದೇಶದಲ್ಲಿಯೇ ಇವೆ. ಇತರ ಬುಗ್ಗೆಗಳು ಎಡೆಬಿಡದೆ ಹರಿಯುತ್ತಿರಲು, ಇವು ಕೆಲಹೊತ್ತು ಸುಮ್ಮನಿದ್ದು ಒಮ್ಮೆಲೇ ಭೋರ್ಗರೆಯುವುದೇಕೆ? ೧೮೧೦ರಲ್ಲಿ ಐಸ್‌ಲೆಂಡನ್ನು ಸಂದರ್ಶಿಸಿದ ಸ್ಕಾಟ್ಲೆಂಡಿನ ಜಾರ್ಜ್ ಮೆಕೆಂಜಿಯ ಉತ್ತರವು ಇದು: ನೆಲದೊಳಗೆ ಗವಿಯೊಂದಿರಬೇಕು, ಅದರ ಮಾಡಿನಡಿ ಆವಿಯು ಕೂಡಿಕೊಂಡು, ಒತ್ತಡವು ಮಿತಿಮೀರಿದಾಗ ನೀರನ್ನು ಕೊಳವೆಯ ಮೂಲಕ ಹೊರದೂಡುತ್ತಿರಬೇಕು.

೧೮೪೬ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ರಾಬರ್ಟ್ ಬುನ್ಸೆನನು ಊಹೆಯನ್ನು ಬಿಟ್ಟು ಅಳತೆಗೆ ತೊಡಗಿದನು. ೨೦ ಮೀಟರಿಗೂ ಮಿಕ್ಕಿದ ಆಳವುಳ್ಳ ಗೆಯ್ಸಿರಿನ ಕೊಳವೆಯೊಳಕ್ಕೆ ಉಷ್ಣಮಾಪಕಗಳನ್ನು ಇಳಿಬಿಟ್ಟು, ಬೇರೆಬೇರೆ ಆಳಗಳಲ್ಲಿ ನೀರಿನ ಶಾಖವನ್ನು ಗುರುತಿಸಿದನು. ನೀರು ೧೦೦ ಡಿಗ್ರಿಗೆ ಕುದಿಯುವುದೆಂಬುದು ಮೇಲ್ಮೈಗೆ ಸಲ್ಲುವ ಮಾತು. ೧೦ ಮೀಟರ್ ಆಳದಲ್ಲಿ ಮೇಲಣ ನೀರಿನ ಭಾರವೂ ಸೇರುವುದರಿಂದ ಸುಮಾರು ೧೨೦ ಡಿಗ್ರಿ ಬೇಕು. ಕೊಳವೆಯ ಆಳದ ನೀರು ೧೦೦ ಡಿಗ್ರಿಯನ್ನು ದಾಟಿದ್ದರೂ ಆಯಾ ಆಳದ ಕುದಿಬಿಂದುವನ್ನು ಎಲ್ಲಿಯೂ ಮುಟ್ಟಿರಲಿಲ್ಲ. ನಡುಭಾಗದಲ್ಲಿ ಮಾತ್ರ ಅದರ ತೀರ ಸಮೀಪಕ್ಕೆ ಬಂದಿತ್ತು. ಕೆಳಗಿನಿಂದ ಏರುವ ಆವಿಯು ಈ ನೀರನ್ನು ಒಂದೆರಡು ಮೀಟರ್ ಮೇಲಕ್ಕೆತ್ತಿದರೆ ಸಾಕು, ಭಾರ ಕಡಮೆಯಾಗಿ ಅದು ಕೂಡಲೆ ಕುದಿಯುವುದು. ಹಾಗೆ ಹುಟ್ಟಿದ ಆವಿಯು ಮೇಲಣ ನೀರನ್ನು ಹೊರಚೆಲ್ಲುವುದು. ಚೆಲ್ಲಿದಷ್ಟೂ ಭಾರವಿಳಿದು ಇನ್ನಷ್ಟು ಆಳದ ನೀರು ಕುದಿಯುವುದು. ಆವಿಯಾದ ನೀರು ಮೇಲ್ಮೈಯಲ್ಲಿ ಮೊದಲಿನ ಸುಮಾರು ೧,೬೦೦ ಪಟ್ಟು ಎಡೆಯನ್ನು ಬೇಡುವುದರಿಂದ ಚಿಮ್ಮುವ ರಭಸವೂ ಸಹಜವೇ. ಶಾಖವು ಇದ್ದಂತೆಯೇ ಇದ್ದು ಭಾರವು ತಗ್ಗಿದ ಮಾತ್ರದಿಂದ ಕುದಿ ಹುಟ್ಟುವುದೆಂಬುದು ಈ ಮತದ ತಿರುಳು.

ಮೆಕೆಂಜಿಯ ಗವಿಯು ಇದರಿಂದ ಹಿಂದೆ ಸರಿಯಿತು. ಆದರೆ ರಷ್ಯದ ಕಮ್ಚಾಟ್ಕದಲ್ಲಿ ಗೈಸರುಗಳೊಳಗೆ ಶಾಖವನ್ನು ತಾಳುವ ಕ್ಯಾಮರಾವನ್ನು ಇಳಿಸಿದ ಬೆಲೊಸೊವ್ ಮೊದಲಾದವರು ೨೦೧೩ರಲ್ಲಿ ಪ್ರಕಟಿಸಿದ ಸಂಶೋಧನೆಯು ಅದನ್ನು ಮತ್ತೆ ಮುಂದಕ್ಕೆ ತಂದಿದೆ. ಅವರು ಕಂಡದ್ದು ಅಂಕುಡೊಂಕಾದ ದಾರಿಯನ್ನು, ಆವಿಯು ಸಿಕ್ಕಿಕೊಳ್ಳುವ ಪೊಳ್ಳುಗಳನ್ನು. ಹಾಗಾದರೆ ಬುನ್ಸೆನನು ಸೋತನೇ? ನಮಗೆ ಹಾಗೆ ತೋರದು. ಆವಿಯು ಕೂಡಿ ಕಾಯುವ ಅವಧಿಯನ್ನು ಗವಿಯು ವಿವರಿಸೀತು. ಆಮೇಲಣ ರಭಸಕ್ಕೆ ಬುನ್ಸೆನನ ಭಾರದ ಲೆಕ್ಕವೇ ಬೇಕು.

ಇಂಥ ಒಳದಾರಿಗಳು ಬಹು ಸೂಕ್ಷ್ಮವಾದುವು. ಬಹುಕಾಲ ಮಂಕಾಗಿದ್ದ ಗೆಯ್ಸಿರ್ ೨೦೦೦ದ ಭೂಕಂಪದ ತರುವಾಯ ಕೆಲಕಾಲ ಮರಳಿ ಚಿಮ್ಮಿತು. ನ್ಯೂಜಿಲೆಂಡಿನ ವೈರಾಕೆಯಲ್ಲಿಯಾದರೋ ೧೯೫೮ರಲ್ಲಿ ವಿದ್ಯುದಾಗಾರವು ಮೊದಲಾಗಿ, ಕೊಳವೆಬಾವಿಗಳು ನೆಲದ ಬಿಸಿನೀರನ್ನೂ ಆವಿಯನ್ನೂ ಸೆಳೆದುಕೊಂಡ ಬಳಿಕ ಅಲ್ಲಿಯ ಗೈಸರುಗಳು ನಿಂತೇಹೋದುವು.