ಪಿನ್ ‘ಇಲ್ಲ’ವಾ, ‘ಇನ್ನೂ ಬಂದಿಲ್ಲ’ವಾ? ಪರದೆ ಕಪ್ಪಾಗಿಸೋ ಒಂದು ಸಣ್ಣ ತಪ್ಪು

ಇವತ್ತು ನಿಮ್ಮ ಕೈಯಲ್ಲಿರೋ ಫೋನಿನ ಪರದೆ ಬಗ್ಗೆ ಮಾತಾಡೋಣ. ಆಂಡ್ರಾಯ್ಡ್ ಫೋನ್ ಆದ್ರೆ ಅದರ ಬುಡದಲ್ಲಿರೋದು ಲಿನಕ್ಸ್ ಕರ್ನಲ್, 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು. ಪರದೆಗೆ ಯಾವಾಗ ಕರೆಂಟ್ ಕೊಡಬೇಕು, ಯಾವಾಗ ರೀಸೆಟ್ ಮಾಡಬೇಕು ಅಂತ ನೋಡಿಕೊಳ್ಳೋ ಕರ್ನಲ್ ಭಾಗವೇ ಡಿಸ್‌ಪ್ಲೇ ಡ್ರೈವರ್. ಅದಕ್ಕೆ ಬರುವ ತಿದ್ದುಪಡಿಗಳೇ ಪ್ಯಾಚ್. ಸೇರಿಸೋಕೆ ಮುಂಚೆ ಅವನ್ನು ಓದಿ ತಪ್ಪು ಹುಡುಕುವವರಲ್ಲಿ ನಾನೂ ಒಬ್ಬ.

ಒಂದೇ ಪರದೆ ಹತ್ತಾರು ಬೋರ್ಡ್‌ಗಳಲ್ಲಿ ಕೂರಬಹುದು. ಕೆಲವು ಬೋರ್ಡ್‌ನಲ್ಲಿ ರೀಸೆಟ್ ತಂತಿ ಪ್ರೊಸೆಸರ್‌ಗೆ ಬಂದಿರುತ್ತೆ, ಕೆಲವದರಲ್ಲಿ ಬಂದೇ ಇರಲ್ಲ. ಹಾಗಾಗಿ ‘ಈ ಪಿನ್ ಆಪ್ಷನಲ್ ಮಾಡಿ’ ಅನ್ನೋ ಪ್ಯಾಚ್‌ಗಳು ಆಗಾಗ ಬರ್ತಾವೆ. ನಾಲ್ಕೈದು ಸಾಲು, ಅಷ್ಟೇ.

ಡ್ರೈವರ್ ಕೇಳುತ್ತೆ: ರೀಸೆಟ್ ಪಿನ್ ಇದೆಯಾ? ಉತ್ತರ ಮೂರು ಥರ ಬರಬಹುದು. ‘ಇದೆ, ತಗೋ.’ ‘ಈ ಬೋರ್ಡ್‌ನಲ್ಲಿ ಇಲ್ಲ.’ ಮೂರನೆಯದು ಎರರ್. ಅದರಲ್ಲಿ 517 ಅನ್ನೋ ನಂಬರ್ ಬಂದ್ರೆ, ‘ಪಿನ್ ಇದೆ, ಆದ್ರೆ ಅದನ್ನು ಕೊಡಬೇಕಾದ ಚಿಪ್‌ನ ಡ್ರೈವರ್ ಇನ್ನೂ ರೆಡಿ ಆಗಿಲ್ಲ, ಆಮೇಲೆ ಬಾ’ ಅಂತ ಅರ್ಥ.

ಮದುವೆಮನೆ ನೆನಪಿಸಿಕೊಳ್ಳಿ. ಒಬ್ಬ ನೆಂಟ ‘ನಾನು ಬರಲ್ಲ’ ಅಂದ. ಇನ್ನೊಬ್ಬ ‘ದಾರೀಲಿದ್ದೀನಿ’ ಅಂದ. ಇಬ್ಬರ ಎಲೆಯನ್ನೂ ಎತ್ತಿಬಿಟ್ರೆ?

ನಾನು ಒಪ್ಪಿಗೆ ಕೊಟ್ಟ ಒಂದು ಪ್ಯಾಚ್ ಮಾಡಿದ್ದು ಅದನ್ನೇ. ಯಾವ ಎರರ್ ಬಂದ್ರೂ ‘ಪಿನ್ ಇಲ್ಲ’ ಅಂದುಕೊಂಡು ಮುಂದೆ ಹೋಗ್ತಿತ್ತು. ನನ್ನ ಮೇಜಿನ ಮೇಲಿದ್ದ ಬೋರ್ಡ್‌ನಲ್ಲಿ ಸರಿಯಾಗೇ ಇತ್ತು. ಆಮೇಲೆ ಬೇರೊಬ್ಬರು ಬರೆದರು: ಹತ್ತು ಸಲ ಆನ್ ಮಾಡಿದ್ರೆ ಒಂದೆರಡು ಸಲ ಪರದೆ ಕಪ್ಪು. ಯಾವ ಡ್ರೈವರ್ ಮೊದಲು ಎದ್ದಿತು ಅನ್ನೋದರ ಮೇಲೆ ಎಲ್ಲವೂ ನಿಂತಿತ್ತು. ಎರರ್ ನುಂಗಿ ಹಾಕಿದ್ದರಿಂದ ಲಾಗ್‌ನಲ್ಲಿ ಸುಳಿವೂ ಇರಲಿಲ್ಲ. ಬರೆದವರದಷ್ಟೇ ತಪ್ಪು ಓದಿದ ನನ್ನದೂ ಹೌದು.

ಇನ್ನೊಂದು ಸೂಕ್ಷ್ಮ ಇದೆ. ಆಪ್ಷನಲ್ ಪಿನ್ ಇಲ್ಲದಿದ್ರೆ ಕರ್ನಲ್ ಖಾಲಿ ಪಾಯಿಂಟರ್ ಕೊಡುತ್ತೆ, ಅದು ಎರರ್ ಅಲ್ಲ. ಆದರೆ ಕರೆಂಟ್ ಕೊಡೋ ರೆಗ್ಯುಲೇಟರನ್ನು ಆಪ್ಷನಲ್ ಅಂತ ಕೇಳಿ ಅದು ಇಲ್ಲದಿದ್ರೆ, ‘ಅಂಥ ಸಾಧನ ಇಲ್ಲ’ ಅನ್ನೋ ಎರರೇ ಬರುತ್ತೆ. ಒಂದರ ಕೋಡ್ ಕಾಪಿ ಮಾಡಿ ಇನ್ನೊಂದಕ್ಕೆ ಹಾಕಿದ್ರೆ, ರೆಗ್ಯುಲೇಟರ್ ಇಲ್ಲದ ಬೋರ್ಡ್‌ನಲ್ಲಿ ಡ್ರೈವರ್ ಶುರುವಾಗೋದೇ ಇಲ್ಲ.

ಈಗ ಇಂಥ ಪ್ಯಾಚ್ ಬಂದ್ರೆ ಮೊದಲು ಮೂರು ಉತ್ತರಕ್ಕೂ ಮೂರು ದಾರಿ ಇದೆಯಾ ಅಂತ ಬೆರಳಿಟ್ಟು ನೋಡ್ತೀನಿ. ಇಲ್ಲದಿದ್ರೆ ಮುಂದುವರಿ. ರೆಡಿ ಇಲ್ಲದಿದ್ರೆ ಕಾದು ಮತ್ತೆ ಬಾ. ನಿಜವಾಗಿ ಕೆಟ್ಟಿದ್ರೆ ಬಾಯಿಬಿಟ್ಟು ಹೇಳು. ಆಪ್ಷನಲ್ ಅಂದ್ರೆ ‘ಇರದೇ ಇರಬಹುದು’ ಅಂತ ಅಷ್ಟೇ, ‘ಏನಾದ್ರೂ ಆಗಲಿ ಬಿಡು’ ಅಂತ ಅಲ್ಲ.