ತಲಕಾಡಿನ ಮರಳು ಕಲಿಸುವ ಪಾಠ

ಬಸ್ಸು ತಪ್ಪುತ್ತದೆ, ಕರೆಂಟು ಹೋಗುತ್ತದೆ, ಹೊರಡುವ ಹೊತ್ತಿಗೇ ಮಳೆ ಸುರಿಯುತ್ತದೆ. ಇಂಥ ಅಡಚಣೆಗಳೂ ದೇವರ ಪರಿಪಾಲನೆಯ ಹೊರಗಿಲ್ಲ ಎಂದು ನಾವು ವಿಶ್ವಾಸಿಸುತ್ತೇವೆ. ಇದರ ಅರ್ಥವೇನು?

ಮೈಸೂರು ಜಿಲ್ಲೆಯ ತಲಕಾಡನ್ನು ನೋಡೋಣ. ಗಂಗರ ರಾಜಧಾನಿಯಾಗಿದ್ದ, ಕಾವೇರಿ ದಡದ ಈ ಊರಿನ ಮೇಲೆ ಗಾಳಿ ಶತಮಾನಗಳ ಕಾಲ ಮರಳು ತಂದು ಸುರಿಯಿತು. ಜನರು ಮನೆ ಬಿಟ್ಟು ಹಿಂದೆ ಸರಿಯಬೇಕಾಯಿತು. ಅಲಮೇಲಮ್ಮನ ಶಾಪವೇ ಇದಕ್ಕೆ ಕಾರಣವೆಂದು ಕಥೆ ಹುಟ್ಟಿತು. ಆದರೆ 1990ರ ದಶಕದಲ್ಲಿ ಉತ್ಖನನ ನಡೆದಾಗ, ಅದೇ ಮರಳಿನ ಮಡಿಲಲ್ಲಿ ಹಿರಿಯರ ಶಿಲ್ಪಕಲೆ ಉಳಿದಿದ್ದುದು ಕಂಡುಬಂತು. ನಷ್ಟವೆಂದುಕೊಂಡದ್ದೇ ಹೊದಿಕೆಯೂ ಆಗಿತ್ತು.

ಹಾಗೆಂದು ಮನೆ ಕಳೆದುಕೊಂಡವರಿಗೆ, ‘ಎಲ್ಲಾ ಒಳ್ಳೆಯದಕ್ಕೇ’ ಎಂದು ಹೇಳುವುದು ಸುಲಭವೂ ಅಲ್ಲ, ಸರಿಯೂ ಅಲ್ಲ. ಅವರ ಕಣ್ಣೀರು ನಿಜ. ದೇವರು ಕೆಡುಕನ್ನು ಬಯಸುವುದಿಲ್ಲ. ಕೆಡುಕಿನಿಂದಲೂ ಒಳಿತನ್ನು ಹೊರತರಬಲ್ಲರು ಎಂಬುದು ಧರ್ಮಸಭೆಯ ಬೋಧನೆ. ಆದಿಕಾಂಡದ ಜೋಸೆಫನನ್ನು ಅಣ್ಣಂದಿರು ಮಾರಿದ್ದು ಪಾಪವೇ. ಆದರೂ ಬರಗಾಲದಲ್ಲಿ ಆತನಿಂದಲೇ ಅವರೆಲ್ಲರ ಜೀವ ಉಳಿಯಿತು. ಅದು ಜೋಸೆಫನಿಗೆ ತಿಳಿದದ್ದು ವರ್ಷಗಳು ಕಳೆದ ಮೇಲೆ.

ಆದುದರಿಂದ ಬಸ್ಸು ತಪ್ಪಿದಾಗ ಕಾರಣ ಹುಡುಕುತ್ತಾ ಕೂರುವುದು ಬೇಡ. ಪಕ್ಕದಲ್ಲಿ ನಿಂತ ವೃದ್ಧರ ಚೀಲ ಹಿಡಿಯೋಣ, ಮನೆಯಲ್ಲಿರುವ ರೋಗಿಯನ್ನು ನೆನೆದು ಪ್ರಾರ್ಥಿಸೋಣ. ರಾತ್ರಿ ಮಲಗುವ ಮುನ್ನ ದಿನವನ್ನು ಒಮ್ಮೆ ಹಿಂತಿರುಗಿ ನೋಡೋಣ. ಮರಳು ಸರಿಯಲು ಕಾಲ ಬೇಕು. ಅಲ್ಲಿಯವರೆಗೆ ತಾಳ್ಮೆಯೇ ನಮ್ಮ ಪ್ರಾರ್ಥನೆಯಾಗಲಿ.