‘ಮಗೂ, ಇವತ್ತು ಏನು ಕಲಿತೆ?’

ರಾತ್ರಿ ಎರಡು ಗಂಟೆ ದಾಟಿತ್ತು. ಕಾಮಗೆರೆಯ ಶಾಮಿಯಾನದ ಕೆಳಗೆ ಅರ್ಧ ಜನ ಚಾಪೆ ಮೇಲೆ ಮಲಗಿಬಿಟ್ಟಿದ್ದರು. ನಾನೂ ಮೊಬೈಲು ನೋಡುತ್ತಾ ಕೂತಿದ್ದೆ, ಸುಳ್ಳು ಯಾಕೆ ಹೇಳಲಿ. ಬೆಂಗಳೂರಿನಿಂದ ಬಂದಿದ್ದೇ ಅವ್ವನ ಬಲವಂತಕ್ಕೆ. ‘ನಿನ್ ಜೊತೇಲಿ ಓದ್ದವ್ನು ಹಿರಣ್ಯಕಶಿಪು ಪಾರ್ಟು ಮಾಡ್ತಾವ್ನೆ, ಬಂದು ನೋಡ್ಬುಟ್ಟು ಹೋಗು’ ಅಂದಿದ್ದಳು.

ನಮ್ಮ ಕಡೆ ಹಳ್ಳಿ ನಾಟಕದಲ್ಲಿ ಪಾರ್ಟು ಮಾಡುವವನೇ ದುಡ್ಡು ಹಾಕಬೇಕು. ಹಾರ್ಮೋನಿಯಂ ಮೇಷ್ಟ್ರಿಗೆ, ಸೀನಿಗೆ, ಡ್ರೆಸ್ಸಿಗೆ, ಮೈಕ್‌ಸೆಟ್ಟಿಗೆ. ದೊಡ್ಡ ಪಾರ್ಟಿಗೆ ದೊಡ್ಡ ವಂತಿಗೆ. ನನ್ನ ಗೆಳೆಯ (ಹೆಸರು ಬರೀಬ್ಯಾಡ ಅಂದಿದ್ದಾನೆ) ಹಗಲು ಆಟೊ ಓಡಿಸಿ, ರಾತ್ರಿ ಪ್ರಾಕ್ಟೀಸಿಗೆ ಹೋಗಿ, ತಿಂಗಳುಗಟ್ಟಲೆ ಹೀಗೆ ನಡೆಸಿದ್ದ.

ಮೊದಲರ್ಧ ಎಲ್ಲ ಅಬ್ಬರವೇ. ಗದೆ, ಮೀಸೆ, ಉದ್ದನೆಯ ಆಲಾಪ, ‘ಒನ್ಸ್ ಮೋರ್’, ನಡುನಡುವೆ ನೋಟಿನ ಹಾರ. ಆಮೇಲೆ ಆ ಸೀನು ಬಂತು. ಗುರುಕುಲದಿಂದ ಬಂದ ಪ್ರಹ್ಲಾದನನ್ನು ಅಪ್ಪ ತೊಡೆ ಮೇಲೆ ಕೂರಿಸಿಕೊಳ್ಳುತ್ತಾನೆ. ಊರಿನದೇ ಹುಡುಗ, ಐದನೇ ಕ್ಲಾಸು ಇರಬಹುದು. ನನ್ನ ಗೆಳೆಯ ಅವನ ಕಿರೀಟ ಸರಿಮಾಡಿ, ‘ಮಗೂ, ಇವತ್ತು ಏನು ಕಲಿತೆ?’ ಅಂತ ಕೇಳಿದ.

ಕೇಳಿ ಸುಮ್ಮನಾಗಿಬಿಟ್ಟ.

ಅಲ್ಲಿ ಇನ್ನೂ ಮಾತಿತ್ತು. ಮೇಷ್ಟ್ರು ಶ್ರುತಿ ಹಿಡಿದು ಕಾದರು. ಅವನು ಹುಡುಗನ ಅಂಗೈ ಬಿಡಿಸಿ ನೋಡುತ್ತಾ ಕೂತ. ಒಂದೊಂದೇ ಬೆರಳು. ನನ್ನ ಪಕ್ಕದ ಅಜ್ಜಿ ಎದ್ದು ಕೂತಳು. ಹುಡುಗ ಉತ್ತರ ಕೊಟ್ಟಾಗ ಅಪ್ಪನ ಮುಖದಲ್ಲಿ ಮೊದಲು ಬಂದದ್ದು ಕೋಪ ಅಲ್ಲ, ಆಸೆ. ತಾನೂ ಒಂದು ಕಾಲಕ್ಕೆ ಹೀಗೇ ಚಿಕ್ಕವನಿದ್ದೆ ಅನ್ನೋದು ನೆನಪಾದ ಹಾಗೆ. ಅದು ನೆನಪಾಗಿದ್ದಕ್ಕೇ ಆಮೇಲೆ ಅಷ್ಟು ಕೋಪ ಬಂತೇನೋ. ಹುಡುಗನನ್ನು ತೊಡೆಯಿಂದ ತಳ್ಳಿದಾಗ ಒಬ್ಬರೂ ಶಿಳ್ಳೆ ಹಾಕಲಿಲ್ಲ.

ಆ ಅಂಗೈ ನೋಡುವ ಕೆಲಸ ನನಗೆ ಅರ್ಥವಾಯಿತು. ಏಳನೇ ಕ್ಲಾಸಿನ ನಡುವೆ ಇವನನ್ನು ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹಾಕಿದರು, ಮನೆಯ ಸಾಲಕ್ಕೆ. ಕುದಿಯುವ ನೀರಿನಲ್ಲಿ ಗೂಡು ಬೇಯುತ್ತಿರುತ್ತೆ, ಎಳೆ ಹುಡುಕಲು ಬೆರಳು ಹಾಕಲೇಬೇಕು. ಕೆಲವು ಅಪಾಯದ ಕೆಲಸಗಳಿಗೆ ಮಕ್ಕಳನ್ನು ಇಟ್ಟುಕೊಳ್ಳಬಾರದು ಅಂತ 1986ರಲ್ಲೇ ಕಾಯ್ದೆ ಬಂದಿತ್ತು, ನಮ್ಮೂರಿಗೆ ಬಂದಿರಲಿಲ್ಲ. ಒಂದು ಸಲ ಸಂತೆಯಲ್ಲಿ ಸಿಕ್ಕಿದಾಗ ಅವನ ಬೆರಳ ತುದಿ ಬೆಳ್ಳಗೆ ಸುಲಿದಿತ್ತು. ಲೆಕ್ಕದಲ್ಲಿ ಅವನೇ ಕ್ಲಾಸಿಗೆ ಫಸ್ಟ್. ಅವನು ಹೋದ ಮೇಲೆ ಮುಂದಿನ ಬೆಂಚಿನ ಆ ಜಾಗದಲ್ಲಿ ನಾನು ಕೂತೆ. ಖುಷಿಯಿಂದಲೇ ಕೂತೆ.

ಈ ಪಾರ್ಟಿಗೆ ನಮ್ಮ ಸೀಮೆಯಲ್ಲಿ ದೊಡ್ಡ ಹೆಸರಿದೆ. ಕೊಳ್ಳೇಗಾಲ ಇನ್ನೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಹಿರಣ್ಯಕಶಿಪು, ಕಂಸ, ರಾವಣ ಮಾಡಿದರೆ ಜನ ಬೆಚ್ಚುತ್ತಿದ್ದರಂತೆ. ಅವರ ಮಗ ಮುತ್ತುರಾಜನೂ ಪ್ರಾಥಮಿಕ ಶಾಲೆ ಮುಗಿಸದೆ ಅಪ್ಪನ ಹಿಂದೆ ಗುಬ್ಬಿ ಕಂಪನಿ ಸೇರಿದವನು. ಅಪ್ಪ ತೀರಿಕೊಂಡದ್ದು 1951ರಲ್ಲಿ, ಮಗ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದದ್ದು 1954ರಲ್ಲಿ. ಆ ಹೊತ್ತು ನೋಡಲು ಅಪ್ಪ ಇರಲಿಲ್ಲ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಅಪ್ಪನ ಪಾರ್ಟನ್ನು ರಾಜ್ ಮಾಡಿದರು, ಎದುರಿಗೆ ಪ್ರಹ್ಲಾದನಾಗಿ ಅವರ ಕಿರಿ ಮಗ ಲೋಹಿತ್, ನಮ್ಮ ಪುನೀತ್. ಶಾಲೆ ಬಿಟ್ಟ ಹುಡುಗರೆಲ್ಲ ಅಣ್ಣಾವ್ರಾಗಲ್ಲ ಅನ್ನೋದು ಬೇರೆ ಮಾತು.

ಬೆಳಗಿನ ಜಾವ ಕಂಬದಿಂದ ನರಸಿಂಹ ಬಂದ, ಹೊಟ್ಟೆ ಬಗೆದ, ಮಂಗಳಾರತಿ ಆಯಿತು. ಸ್ಟೇಜಿನ ಹಿಂದೆ ಅವನು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದ. ಪ್ರಹ್ಲಾದ ಅಲ್ಲೇ ಅವನ ಮಡಿಲಲ್ಲಿ ತಲೆಯಿಟ್ಟು ನಿದ್ದೆ ಹೋಗಿದ್ದ.

‘ಅಷ್ಟು ಹೊತ್ತು ನಿಲ್ಸಿದ್ಯಲ್ಲ, ಮೇಷ್ಟ್ರು ಹೇಳ್ಕೊಟ್ಟಿದ್ದಾ?’ ಅಂದೆ.

‘ಇಲ್ಲ ಕನ್ಲಾ, ಮಾತು ಮರ್ತೋಯ್ತು’ ಅಂತ ನಕ್ಕ.

ಟೀ ಬಂತು. ಅರ್ಧ ಕುಡಿದು, ಒಂದು ಕಣ್ಣಿನ ಕಪ್ಪು ಇನ್ನೂ ಹಾಗೇ ಇರುವಾಗ, ಕೇಳಿದ: ‘ಏನ್ಲಾ, ನಾ ಬುಟ್ಟೋದ್ಮೇಲೆ ಮೇಷ್ಟ್ರು ಲೆಕ್ಕದಲ್ಲಿ ಏನೇನ್ ಮಾಡುದ್ರು?’

ನೆನಪು ಮಾಡಿಕೊಂಡು ಹೇಳತೊಡಗಿದೆ. ಬಡ್ಡಿ ಲೆಕ್ಕ, ತ್ರಿಭುಜ, ಬೀಜಗಣಿತ. ಹುಡುಗ ಏಳದ ಹಾಗೆ ಅವನು ಅಲುಗದೆ ಕೇಳಿಸಿಕೊಂಡ.